ಗಾಡಿಯ ಟಾಪ್ ಮೇಲೆ ಸೋಲಾರ್: ಪ್ಯಾನೆಲ್ ಕೊಳ್ಳುವ ಮೊದಲಿನ ಲೆಕ್ಕ, ಕೊಂಡ ಮೇಲಿನ ಕೆಲಸ

ಮನೆಯ ಮಾಳಿಗೆ ಮೇಲೆ ಹಾಕುವ ಪ್ಯಾನೆಲ್ಲೇ ಕ್ಯಾಂಪರ್‌ವ್ಯಾನಿನ (ಮಲಗಲು, ಅಡುಗೆ ಮಾಡಲು ಸಜ್ಜಾದ ಗಾಡಿಯ) ಮೇಲೂ ಕೂರುತ್ತದೆ. ಆದರೆ ಪ್ಯಾನೆಲ್ ಬಿಟ್ಟರೆ ಉಳಿದ ಯಾವುದೂ ಒಂದೇ ಅಲ್ಲ. ಮನೆಯಲ್ಲಿ ಕರೆಂಟು ಹೆಚ್ಚಾದರೆ ಗ್ರಿಡ್ಡಿಗೆ ಹೋಗುತ್ತದೆ, ಕಡಿಮೆ ಬಿದ್ದರೆ ಗ್ರಿಡ್ಡಿನಿಂದ ಬರುತ್ತದೆ. ಗಾಡಿಯಲ್ಲಿ ಬ್ಯಾಟರಿಯಲ್ಲಿ ಉಳಿದಷ್ಟೇ ಗತಿ. ಮನೆಯ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ನಿಂತಿರುತ್ತದೆ. ಗಾಡಿಯದು ಅಂಗಾತ ಮಲಗಿರುತ್ತದೆ. ಮನೆ ನಿಂತಲ್ಲೇ ನಿಂತಿರುತ್ತದೆ. ಗಾಡಿ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ಹತ್ತಿರ ಓಡುತ್ತದೆ, ಘಾಟಿನ ಹೊಂಡಗಳಲ್ಲಿ ಕುಲುಕುತ್ತದೆ, ಅಂಬೋಲಿಯ ಮಳೆಯಲ್ಲಿ ದಿನವಿಡೀ ನೆನೆಯುತ್ತದೆ. ಪುಣೆಯಲ್ಲಿ ಮನೆ ಸೋಲಾರ್ ಹಾಕುವ ಒಳ್ಳೆಯ ಎಲೆಕ್ಟ್ರಿಷಿಯನ್‌ಗಳು ಬೇಕಾದಷ್ಟಿದ್ದಾರೆ. ಅಂಥವರ ಕೈಯಲ್ಲೂ ಗಾಡಿ ಕೆಲಸ ಕೆಟ್ಟರೆ, ಅದು ಕೆಡುವುದು ಈ ವ್ಯತ್ಯಾಸಗಳಲ್ಲೇ.

ಪುಣೆ, ಮುಂಬೈ, ಗೋವಾದಲ್ಲಿ ನೆಲೆಸಿದ ಕನ್ನಡಿಗರ ತಿರುಗಾಟಕ್ಕೆ ಒಂದು ಲಯವಿದೆ. ಹಬ್ಬಕ್ಕೆ ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಉದ್ದನೆಯ ಪಯಣ. ರಜೆಗೆ ದಾಂಡೇಲಿ, ಗೋಕರ್ಣ, ಇಲ್ಲವೇ ಕೊಂಕಣದ ದಂಡೆಯಲ್ಲಿ ಎರಡು ಮೂರು ದಿನದ ಬಿಡಾರ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಖರ್ಚಿನ ಲೆಕ್ಕ

"ಎಷ್ಟು ವ್ಯಾಟಿನ ಪ್ಯಾನೆಲ್ ಹಾಕಿಸಲಿ?" ಎಂಬ ಪ್ರಶ್ನೆಗಿಂತ ಮೊದಲು "ದಿನಕ್ಕೆ ಎಷ್ಟು ವ್ಯಾಟ್-ಅವರ್ (ವ್ಯಾಟನ್ನು ಓಡಿದ ಗಂಟೆಯಿಂದ ಗುಣಿಸಿದ್ದು) ಸುಡುತ್ತೇನೆ?" ಎಂದು ಕೇಳಿಕೊಳ್ಳಬೇಕು. ಇಬ್ಬರು ಇರುವ ಗಾಡಿಯ ಒಂದು ದಿನ ಹೀಗಿರುತ್ತದೆ ಎಂದುಕೊಳ್ಳಿ. 45 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಓಡುವಾಗ 50 ವ್ಯಾಟ್ ಎಳೆಯುತ್ತದೆ. ನಮ್ಮ ಬಿಸಿಲಿನಲ್ಲಿ ಅದು ದಿನದ ಸುಮಾರು 45 ಶೇಕಡ ಹೊತ್ತು ಓಡುತ್ತದೆ, ಅಂದರೆ 540 ವ್ಯಾಟ್-ಅವರ್. ರೂಫ್ ಫ್ಯಾನ್ 25 ವ್ಯಾಟ್, ಎಂಟು ಗಂಟೆಗೆ 200. ಎಲ್‌ಇಡಿ ದೀಪ 80. ಎರಡು ಫೋನ್ 40. ಲ್ಯಾಪ್‌ಟಾಪ್ ಮೂರು ಗಂಟೆ, 180. ನೀರಿನ ಪಂಪ್ ಕಾಲು ಗಂಟೆ, 15. ಚಟ್ನಿಗೆ 500 ವ್ಯಾಟಿನ ಮಿಕ್ಸಿ ಆರು ನಿಮಿಷ, 50. ಒಟ್ಟು ಸುಮಾರು 1,100 ವ್ಯಾಟ್-ಅವರ್. ಅರ್ಧ ಪಾಲು ಫ್ರಿಜ್ಜಿನದೇ. ಆದ್ದರಿಂದ ಫ್ರಿಜ್ಜಿನ ಹಿಂದೆ ಗಾಳಿ ಆಡಲು ಜಾಗ ಬಿಡುವುದು ಇನ್ನೊಂದು ಪ್ಯಾನೆಲ್ ಹಾಕಿಸುವುದಕ್ಕಿಂತ ಅಗ್ಗದ ಉಪಾಯ.

ಈ ಪಟ್ಟಿಯಲ್ಲಿ ಕಾಣದೆ ಉಳಿಯುವ ಒಂದು ಕಳ್ಳಖರ್ಚು ಇನ್ವರ್ಟರ್‌ನದು. ಏನನ್ನೂ ಓಡಿಸದೆ ಸುಮ್ಮನೆ ಆನ್ ಆಗಿದ್ದರೂ ಅದು 10ರಿಂದ 20 ವ್ಯಾಟ್ ತಿನ್ನುತ್ತದೆ. ಹಗಲು ರಾತ್ರಿ ಬಿಟ್ಟರೆ 240ರಿಂದ 480 ವ್ಯಾಟ್-ಅವರ್, ಅಂದರೆ ಇನ್ನೊಂದು ಫ್ರಿಜ್ ಇಟ್ಟಷ್ಟು. ಫ್ರಿಜ್, ಫ್ಯಾನ್, ದೀಪ, ಪಂಪ್, ಫೋನ್ ಚಾರ್ಜರ್ ಎಲ್ಲವನ್ನೂ ನೇರವಾಗಿ 12 ವೋಲ್ಟಿಗೇ ಕೊಡಿ. ಇನ್ವರ್ಟರ್‌ಗೆ ಕೈಗೆಟುಕುವ ಜಾಗದಲ್ಲಿ ಸ್ವಿಚ್ ಇರಲಿ, ಮಿಕ್ಸಿ ಹಾಕುವಾಗ ಮಾತ್ರ ಆನ್ ಮಾಡಿ.

ಇಂಡಕ್ಷನ್ ಒಲೆಯನ್ನು ಈ ಗಾತ್ರದ ವ್ಯವಸ್ಥೆಗೆ ಸೇರಿಸಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. 1,800 ವ್ಯಾಟಿನ ಒಲೆ 12 ವೋಲ್ಟ್ ಬ್ಯಾಟರಿಯಿಂದ 150 ಆಂಪಿಗಿಂತ ಹೆಚ್ಚು ಎಳೆಯುತ್ತದೆ. ಅದಕ್ಕೆ ಬೇಕಾದ ಕೇಬಲ್, ಫ್ಯೂಸ್, ಬ್ಯಾಟರಿ ಎಲ್ಲವೂ ಬೇರೆಯೇ ದರ್ಜೆಯವು. ಎಸಿಯ ಮಾತೂ ಅಷ್ಟೇ. ಅಡುಗೆಗೆ ಗ್ಯಾಸ್ ಇರಲಿ, ಗಾಳಿ ಆಡಲು ಕಿಟಕಿ ತೆರೆದಿರಲಿ.

ಬಿಸಿಲು ಎಷ್ಟು ಕೊಡುತ್ತದೆ

ಪುಣೆಯ ಅಂಗಾತ ಪ್ಯಾನೆಲ್ಲಿಗೆ ಏಪ್ರಿಲ್-ಮೇ ತಿಂಗಳಲ್ಲಿ ದಿನಕ್ಕೆ ಆರೂವರೆ ಗಂಟೆಯ ಆಸುಪಾಸು 'ಪೂರ್ತಿ ಬಿಸಿಲು' ಸಿಗುತ್ತದೆ, ಅಂದರೆ ದಿನವಿಡೀ ಬಿದ್ದ ಏರಿಳಿತದ ಬಿಸಿಲನ್ನೆಲ್ಲ ಮಧ್ಯಾಹ್ನದಂಥ ಬಿಸಿಲಿನ ಗಂಟೆಗಳಾಗಿ ಕೂಡಿಸಿದ ಲೆಕ್ಕ. ಡಿಸೆಂಬರಿನಲ್ಲಿ ನಾಲ್ಕೂವರೆಯಿಂದ ಐದು ಗಂಟೆ. ಆಗ ಇಲ್ಲಿ ಮಧ್ಯಾಹ್ನದ ಸೂರ್ಯನೂ 50 ಡಿಗ್ರಿಗಿಂತ ಮೇಲೇರುವುದಿಲ್ಲ, ಕಿರಣ ಓರೆಯಾಗಿ ಬೀಳುತ್ತದೆ. ಹಾಗೆಂದು ಪ್ಯಾನೆಲ್ ಎತ್ತಿ ನಿಲ್ಲಿಸುವ ಕೀಲು-ಕಾಲುಗಳ ಗೊಡವೆಗೆ ಹೋಗುವುದು ಬೇಡ. ನಮ್ಮ ಅಕ್ಷಾಂಶದಲ್ಲಿ ವರ್ಷದ ಹೆಚ್ಚು ಕಾಲ ಅದರಿಂದ ಲಾಭ ಅಲ್ಪ. ಮಡಚಲು ಮರೆತು ಗಾಡಿ ಹೊರಟರೆ ನಷ್ಟ ದೊಡ್ಡದು.

ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿ ಉಷ್ಣತೆಯಲ್ಲಿ ಅಳೆದದ್ದು. ಬಿಸಿಲಿಗೆ ನಿಂತ ಗಾಡಿಯ ಮೇಲೆ ಅದು 65 ಡಿಗ್ರಿ ಮುಟ್ಟುವುದು ಸಾಮಾನ್ಯ. ಮೋನೊ (ಏಕಸ್ಫಟಿಕ ಸಿಲಿಕಾನಿನ) ಪ್ಯಾನೆಲ್ ಡಿಗ್ರಿಗೆ 0.35 ಶೇಕಡದಂತೆ ಶಕ್ತಿ ಕಳೆದುಕೊಳ್ಳುತ್ತದೆ, ಅಂದರೆ 40 ಡಿಗ್ರಿ ಏರಿಕೆಗೆ 14 ಶೇಕಡ ಹೋಯಿತು. ಧೂಳು, ವೈರು, ಕಂಟ್ರೋಲರ್ (ಪ್ಯಾನೆಲ್ಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬುವ ಡಬ್ಬ), ಬ್ಯಾಟರಿ ತಂತಮ್ಮ ಪಾಲು ತೆಗೆದುಕೊಂಡ ಮೇಲೆ ಬರೆದ ವ್ಯಾಟಿನಲ್ಲಿ 70 ಶೇಕಡ ಕೈಗೆ ಬಂದರೆ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ. ಹಾಗಾಗಿ 400 ವ್ಯಾಟ್ ಹಾಕಿದರೆ ಡಿಸೆಂಬರಿನಲ್ಲಿ 400 × 4.7 × 0.7, ಸುಮಾರು 1,300 ವ್ಯಾಟ್-ಅವರ್. ನಮ್ಮ 1,100ರ ಖರ್ಚು ಅದರೊಳಗೆ ಮುಗಿಯುತ್ತದೆ.

ಮಳೆಗಾಲದಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಲೋಣಾವಳಾ, ಮಹಾಬಳೇಶ್ವರ, ಅಂಬೋಲಿಯ ದಟ್ಟ ಮೋಡದಡಿ ಅದೇ 400 ವ್ಯಾಟ್ ದಿನಕ್ಕೆ 500-600 ಕೊಟ್ಟರೆ ಹೆಚ್ಚು. ಪ್ಯಾನೆಲ್ ದುಪ್ಪಟ್ಟು ಮಾಡುವುದು ಇದಕ್ಕೆ ಪರಿಹಾರವಲ್ಲ, ಟಾಪ್ ಮೇಲೆ ಜಾಗವೇ ಇರುವುದಿಲ್ಲ. ಪರಿಹಾರ ಎಂಜಿನ್ನಿನಲ್ಲಿದೆ: 30 ಆಂಪಿನ ಡಿಸಿ-ಡಿಸಿ ಚಾರ್ಜರ್. ಗಾಡಿ ಓಡುತ್ತಿರುವಾಗ ಅದು ಆಲ್ಟರ್ನೇಟರ್‌ನಿಂದ (ಎಂಜಿನ್ ತಿರುಗಿಸುವ ಜನರೇಟರ್) ಸುಮಾರು 400 ವ್ಯಾಟ್ ತೆಗೆದು, ಫ್ರಿಜ್ ಮತ್ತು ದೀಪ ಓಡಿಸುವ ಗಾಡಿಯೊಳಗಿನ ಬ್ಯಾಟರಿಗೆ ತುಂಬುತ್ತದೆ. ಪುಣೆಯಿಂದ ಬೆಳಗಾವಿಗೆ ಹೆದ್ದಾರಿ 48ರಲ್ಲಿ ಆರು ಗಂಟೆ ಓಡಿದರೆ 2,400 ವ್ಯಾಟ್-ಅವರ್, ಅಂದರೆ ಮುಂದೆ ಹೇಳುವ 200 ಆಂಪ್-ಅವರ್ (2,560 ವ್ಯಾಟ್-ಅವರ್) ಬ್ಯಾಟರಿ ಹೆಚ್ಚುಕಡಿಮೆ ಖಾಲಿಯಿಂದ ಪೂರ್ತಿ. ಊರಿಗೆ ಹೋಗಿ ಬರುವುದೇ ಹೆಚ್ಚಾಗಿರುವವರು ಇನ್ನೊಂದು ಪ್ಯಾನೆಲ್ಲಿನ ಹಣವನ್ನು ಇದಕ್ಕೆ ಹಾಕುವುದು ಜಾಣತನ. ಲಿಥಿಯಂ ಬ್ಯಾಟರಿಯನ್ನು ಈ ಚಾರ್ಜರ್ ಇಲ್ಲದೆ ಬರೀ ರಿಲೇ (ಎಂಜಿನ್ ಓಡುವಾಗ ತಾನಾಗಿ ಜೋಡಿಸುವ ಸ್ವಿಚ್) ಹಾಕಿ ಆಲ್ಟರ್ನೇಟರ್‌ಗೆ ಜೋಡಿಸಿದರೆ ಅದು ಸಿಕ್ಕಷ್ಟೂ ಆಂಪ್ ಎಳೆದುಕೊಳ್ಳುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು.

ಯಾವ ಪ್ಯಾನೆಲ್, ಎಲ್ಲಿ

ಏಣಿ ಹಾಕಿ ಟಾಪ್ ಹತ್ತಿ, ಅಳತೆ ಟೇಪಿನ ಜತೆ ಹಳೆಯ ರಟ್ಟಿನ ಪೆಟ್ಟಿಗೆಗಳನ್ನೂ ಒಯ್ಯಿರಿ. ಪ್ಯಾನೆಲ್ ಅಳತೆಗೆ ರಟ್ಟು ಕತ್ತರಿಸಿ ಇಟ್ಟು ನೋಡಿದಾಗಲೇ ರೂಫ್ ಫ್ಯಾನ್, ಎಸಿ ಡಬ್ಬ, ಕ್ಯಾರಿಯರ್ ಕಂಬಿ, ಏಣಿಯ ಕೊಕ್ಕೆ ಎಲ್ಲಿ ಅಡ್ಡ ಬರುತ್ತವೆ ಎಂದು ಗೊತ್ತಾಗುವುದು. ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ನೆರಳು ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿಕೊಳ್ಳಿ. ತೆರೆದ ಫ್ಯಾನ್ ಮುಚ್ಚಳದ ಗೇಣಗಲ ನೆರಳು ಪ್ಯಾನೆಲ್ಲಿನ ಒಂದು ಸಾಲಿಗೆ ಅಡ್ಡ ಬಿದ್ದರೂ ಅರ್ಧ ಪ್ಯಾನೆಲ್ ಸತ್ತಂತೆ. ಸೆಲ್ಲುಗಳು ಸರಪಳಿಯಂತೆ ಸಾಲಾಗಿ ಜೋಡಿಸಿದವು.

ಇಂದು ಮನೆಗಳಿಗೆ ಬರುವ 540 ವ್ಯಾಟಿನ ಪ್ಯಾನೆಲ್ 2,278 × 1,134 ಮಿಲಿಮೀಟರ್, 28-29 ಕೆಜಿ. ವ್ಯಾಟಿಗೆ ಇದೇ ಅಗ್ಗ, ಫೋರ್ಸ್ ಟ್ರಾವೆಲರ್‌ನಂಥ ಉದ್ದ ಗಾಡಿಯ ಮೇಲೆ ಉದ್ದುದ್ದ ಕೂರುತ್ತದೆ ಕೂಡ. ಆದರೆ ಫ್ಯಾನ್ ಇರುವ ಟಾಪಿಗೆ ತಲಾ 200 ವ್ಯಾಟಿನ ಎರಡು ಚಿಕ್ಕ ಪ್ಯಾನೆಲ್ ಹೊಂದುವಷ್ಟು ಇದು ಹೊಂದುವುದಿಲ್ಲ, ಅಂಚೆಲ್ಲ ಗಾಳಿಗೆ ಚಾಚಿಕೊಳ್ಳುತ್ತದೆ.

ಅಂಗಡಿಯಲ್ಲಿ ಚಿಕ್ಕ ಪ್ಯಾನೆಲ್ ಕೊಳ್ಳುವಾಗ ಟೇಪ್ ಜೇಬಿನಲ್ಲಿರಲಿ. ಒಳ್ಳೆಯ ಮೋನೊ ಪ್ಯಾನೆಲ್ ಒಂದು ಚದರ ಮೀಟರಿಗೆ 200ರಿಂದ 220 ವ್ಯಾಟ್ ಕೊಡುತ್ತದೆ, ತೀರ ದುಬಾರಿಯದೂ 250 ದಾಟುವುದು ಕಷ್ಟ. ಉದ್ದ-ಅಗಲ ಗುಣಿಸಿದಾಗ 0.6 ಚದರ ಮೀಟರ್ ಬರುವ ಹಲಗೆಗೆ '200 ವ್ಯಾಟ್' ಚೀಟಿ ಅಂಟಿಸಿದ್ದರೆ ಆ ಚೀಟಿ ಸುಳ್ಳು. ಪುಣೆಯ ತಾಪ್ಕೀರ್ ಗಲ್ಲಿಯಿರಲಿ, ಮುಂಬೈಯ ಲೋಹಾರ್ ಚಾಳ್ ಇರಲಿ, ಆನ್‌ಲೈನ್ ಇರಲಿ, ಈ ಒಂದು ಗುಣಾಕಾರ ಎಲ್ಲ ಕಡೆಯೂ ಕೆಲಸಕ್ಕೆ ಬರುತ್ತದೆ.

ಬಾಗುವ, ಅಂಟಿಸುವ ತೆಳು ಪ್ಯಾನೆಲ್ ನೋಡಲು ಚೆಂದ, ಹಗುರ, ಎತ್ತರವೂ ಏರುವುದಿಲ್ಲ. ಆದರೆ ಲೋಹದ ಟಾಪಿಗೆ ಅಂಟಿದರೆ ಅಡಿಯಲ್ಲಿ ಗಾಳಿಯೇ ಆಡದೆ ಬೇಯುತ್ತದೆ, ಗಾಡಿ ಕುಲುಕಿದಂತೆ ಸೆಲ್ಲುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಮೇಲಿನ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಗಾಜಿನ ಪ್ಯಾನೆಲ್ ಕೂರಲಾರದ ದುಂಡು ಟಾಪ್ ಆದರೆ ಮಾತ್ರ ಅದರ ಯೋಚನೆ ಮಾಡಿ.

ಸೀರೀಸೋ ಪ್ಯಾರಲಲ್ಲೋ

ಎಡವುವುದು ಇಲ್ಲೇ ಹೆಚ್ಚು, ಆದ್ದರಿಂದ ನಿಧಾನವಾಗಿ ನೋಡೋಣ. 200 ವ್ಯಾಟಿನ '12 ವೋಲ್ಟ್' ಪ್ಯಾನೆಲ್ ನಿಜದಲ್ಲಿ ಸುಮಾರು 19 ವೋಲ್ಟಿನಲ್ಲಿ 10.5 ಆಂಪ್ ಕೊಡುತ್ತದೆ. ಎರಡನ್ನು ಪ್ಯಾರಲಲ್ ಮಾಡಿದರೆ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದರೆ) 19 ವೋಲ್ಟ್, 21 ಆಂಪ್. ಸೀರೀಸ್ ಮಾಡಿದರೆ (ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಸೇರಿಸಿದರೆ) 38 ವೋಲ್ಟ್, 10.5 ಆಂಪ್. ವ್ಯಾಟ್ ಒಂದೇ, ಆದರೆ ವೈರಿನಲ್ಲಿ ಆಗುವ ನಷ್ಟ ಒಂದೇ ಅಲ್ಲ.

4 ಸ್ಕ್ವೇರ್ ಎಂಎಂ ಸೋಲಾರ್ ಕೇಬಲ್ಲಿನ ತಡೆ ಮೀಟರಿಗೆ ಸುಮಾರು 5 ಮಿಲಿಓಮ್. ಟಾಪಿನಿಂದ ಕಂಟ್ರೋಲರ್‌ಗೆ 6 ಮೀಟರ್ ಎಂದರೆ ಹೋಗಿ ಬರಲು 12 ಮೀಟರ್, 0.06 ಓಮ್. 21 ಆಂಪ್ ಹರಿದರೆ 1.26 ವೋಲ್ಟ್ ದಾರಿಯಲ್ಲೇ ಖರ್ಚು, 19ರಲ್ಲಿ 6.6 ಶೇಕಡ. 10.5 ಆಂಪ್ ಹರಿದರೆ 0.63 ವೋಲ್ಟ್, 38ರಲ್ಲಿ 1.7 ಶೇಕಡ.

ಇದಕ್ಕಿಂತ ಮುಖ್ಯವಾದ ಕಾರಣ ಬೇಸಿಗೆಯದು. 65 ಡಿಗ್ರಿಗೆ ಕಾದಾಗ ಆ 19 ವೋಲ್ಟ್ ಹದಿನಾರೂವರೆಯ ಹತ್ತಿರ ಇಳಿಯುತ್ತದೆ, ವೈರಿನಲ್ಲಿ ಇನ್ನೊಂದು ವೋಲ್ಟ್ ಹೋಗುತ್ತದೆ. ಲಿಥಿಯಂ ಬ್ಯಾಟರಿ ತುಂಬಲು 14.2 ಬೇಕು. ಹೆಸರಾಂತ ಕಂಪನಿಗಳ ಎಂಪಿಪಿಟಿ (ಪ್ಯಾನೆಲ್ಲನ್ನು ಅದು ಅತಿ ಹೆಚ್ಚು ವ್ಯಾಟ್ ಕೊಡುವ ವೋಲ್ಟೇಜಿನಲ್ಲೇ ದುಡಿಸುವ) ಕಂಟ್ರೋಲರ್‌ಗಳಲ್ಲೂ ಪ್ಯಾನೆಲ್ ವೋಲ್ಟೇಜ್ ಬ್ಯಾಟರಿಗಿಂತ 5 ವೋಲ್ಟ್ ಮೇಲಿದ್ದರೆ ಮಾತ್ರ ಚಾರ್ಜಿಂಗ್ ಶುರುವಾಗುವಂಥವು ಇವೆ. ಮೇ ತಿಂಗಳ ಉರಿಬಿಸಿಲಿನಲ್ಲೇ ಚಾರ್ಜಿಂಗ್ ಕುಂಟುತ್ತದೆ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಸೀರೀಸಿನಲ್ಲಿ ಈ ತೊಂದರೆಯೇ ಇಲ್ಲ.

ಸೀರೀಸಿನ ದೌರ್ಬಲ್ಯ ನೆರಳು. ಗೋವಾದಲ್ಲಿ ತೆಂಗಿನ ಮರಗಳ ಕೆಳಗೇ ದಿನಗಟ್ಟಲೆ ನಿಲ್ಲಿಸುವವರಾದರೆ ಪ್ಯಾರಲಲ್ ಮಾಡಿ, ಕೇಬಲ್ 6 ಸ್ಕ್ವೇರ್ ಎಂಎಂಗೆ ಏರಿಸಿ. ಅಥವಾ ಒಂದೊಂದು ಪ್ಯಾನೆಲ್ಲಿಗೆ ಒಂದೊಂದು ಚಿಕ್ಕ ಕಂಟ್ರೋಲರ್ ಕೊಡಿ. ಬಯಲುಸೀಮೆಯ ತಿರುಗಾಟಕ್ಕೆ ಸೀರೀಸೇ ಸರಿ. ಮೂರು ಅಥವಾ ಹೆಚ್ಚು ಪ್ಯಾನೆಲ್ ಪ್ಯಾರಲಲ್ ಆದರೆ ಪ್ರತಿಯೊಂದಕ್ಕೂ ಸ್ವಂತ ಫ್ಯೂಸ್ ಬೇಕು. ಒಂದು ಕೆಟ್ಟರೆ ಉಳಿದೆರಡರ ಕರೆಂಟು ಅದರೊಳಗೆ ನುಗ್ಗುತ್ತದೆ.

ಪಿಡಬ್ಲ್ಯುಎಂ ಕಂಟ್ರೋಲರ್ ಅಗ್ಗ, ಆದರೆ ಅದು ಪ್ಯಾನೆಲ್ಲನ್ನು ಬ್ಯಾಟರಿ ವೋಲ್ಟೇಜಿಗೆ ಎಳೆದುಬಿಡುತ್ತದೆ. 41 ವೋಲ್ಟಿನಲ್ಲಿ ದುಡಿಯುವ 540ರ ಪ್ಯಾನೆಲ್ಲನ್ನು ಅದಕ್ಕೆ ಕಟ್ಟಿದರೆ ಕೈಗೆ ಬರುವುದು ಮೂರನೇ ಒಂದು ಪಾಲು. ಎಂಪಿಪಿಟಿಯನ್ನೇ ತೆಗೆದುಕೊಳ್ಳಿ. ಅದರ ಹೆಸರಿನಲ್ಲಿ ಎರಡು ಅಂಕಿ ಇರುತ್ತವೆ: 100/30 ಎಂದರೆ ಒಳಗೆ ಹೆಚ್ಚೆಂದರೆ 100 ವೋಲ್ಟ್, ಹೊರಗೆ ಹೆಚ್ಚೆಂದರೆ 30 ಆಂಪ್. 12 ವೋಲ್ಟ್ ವ್ಯವಸ್ಥೆಯಲ್ಲಿ 400 ವ್ಯಾಟಿಗೆ ಇದು ತಕ್ಕ ಅಳತೆ.

ಎರಡನೆಯ ಅಂಕಿ ಮೀರಿದರೆ ಕಂಟ್ರೋಲರ್ 30 ಆಂಪಿಗೇ ನಿಲ್ಲುತ್ತದೆ, ಕೆಡುವುದಿಲ್ಲ. ಮೊದಲನೆಯ ಅಂಕಿ ಮೀರಿದರೆ ಸುಟ್ಟುಹೋಗುತ್ತದೆ. 540ರ ಎರಡು ಪ್ಯಾನೆಲ್ ಸೀರೀಸ್ ಮಾಡಿದವರ ಕಥೆ ನೋಡಿ. ಒಂದರ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಕರೆಂಟು ಎಳೆಯದಿರುವಾಗ ತೋರುವ ವೋಲ್ಟೇಜ್) 49.5, ಎರಡಕ್ಕೆ 99. ನೂರರೊಳಗೇ ಇದೆ ಎಂದು ನೆಮ್ಮದಿ. ಆದರೆ ಪ್ಯಾನೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು 0.27 ಶೇಕಡ. ಜನವರಿಯಲ್ಲಿ ಪುಣೆಯ ಬೆಳಗು 8 ಡಿಗ್ರಿಗೆ ಇಳಿದ ದಿನ, ಅಳತೆಯ 25 ಡಿಗ್ರಿಯಿಂದ 17 ಡಿಗ್ರಿ ವ್ಯತ್ಯಾಸಕ್ಕೆ 4.6 ಶೇಕಡ ಏರಿ 103 ದಾಟುತ್ತದೆ. ಹೊತ್ತು ಮೂಡಿದ ಸ್ವಲ್ಪ ಹೊತ್ತಿಗೇ, ಬಿಸಿಲು ಇನ್ನೂ ಎಳೆಯದಾಗಿರುವಾಗಲೇ ವೋಲ್ಟೇಜ್ ಪೂರ್ತಿಯ ಹತ್ತಿರ ಬಂದಿರುತ್ತದೆ, ಪ್ಯಾನೆಲ್ ಇನ್ನೂ ತಣ್ಣಗಿರುತ್ತದೆ. ಕಂಟ್ರೋಲರ್ ಸಾಯುವುದು ಆ ಗಳಿಗೆಯಲ್ಲಿ. ಸೀರೀಸಿನ ಒಟ್ಟು ವೋಲ್ಟೇಜ್ ಕಂಟ್ರೋಲರ್ ಮಿತಿಯ 85 ಶೇಕಡದೊಳಗೆ ಇರುವಂತೆ ನೋಡಿಕೊಳ್ಳಿ.

ಬ್ಯಾಟರಿ

ಮನೆಯ ಇನ್ವರ್ಟರ್‌ನಿಂದ ಬಿಚ್ಚಿದ ಟ್ಯೂಬ್ಯುಲರ್ (ಲೆಡ್ ಆಸಿಡ್) ಬ್ಯಾಟರಿಯನ್ನು ಗಾಡಿಗೆ ಹಾಕುವ ಆಸೆ ಬಿಡಿ. 150 ಆಂಪ್-ಅವರ್‌ಗೆ ಐವತ್ತು ಕೆಜಿಗೂ ಹೆಚ್ಚು ತೂಕ, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯಸ್ಸು ಕುಗ್ಗುತ್ತದೆ, ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ಘಾಟಿನ ತಿರುವಿನಲ್ಲಿ ಆಸಿಡ್ ತುಳುಕುತ್ತದೆ. ಅದೇ ಗಾಡಿಯಲ್ಲಿ ಮಕ್ಕಳು ಮಲಗುತ್ತಾರೆ ಎಂಬುದು ನೆನಪಿರಲಿ. ಕೊನೆಯ 20 ಶೇಕಡ ತುಂಬಲು ಅದು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಬಿಸಿಲು ಇಳಿದಿರುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್, 200 ಆಂಪ್-ಅವರ್ ಎಂದರೆ 2,560 ವ್ಯಾಟ್-ಅವರ್. 85 ಶೇಕಡ ಬಳಸಿದರೂ ನಮ್ಮ ಲೆಕ್ಕದ ಎರಡು ದಿನ ಬಿಸಿಲೇ ಇಲ್ಲದೆ ಕಳೆಯುತ್ತದೆ. ಕಂಟ್ರೋಲರ್‌ನಲ್ಲಿ ಅಬ್ಸಾರ್ಪ್ಷನ್ (ತುಂಬುವಾಗಿನ ವೋಲ್ಟೇಜ್) 14.2, ಫ್ಲೋಟ್ (ತುಂಬಿದ ಮೇಲಿನ ವೋಲ್ಟೇಜ್) 13.5 ಇಡಿ, ಈಕ್ವಲೈಸೇಷನ್ ಮತ್ತು ಟೆಂಪರೇಚರ್ ಕಾಂಪೆನ್ಸೇಷನ್ ಎರಡನ್ನೂ ಆಫ್ ಮಾಡಿ, ಅವು ಲೆಡ್ ಆಸಿಡ್ ಬ್ಯಾಟರಿಗೆ. ಬ್ಯಾಟರಿ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅವರದ್ದೇ ಅಂತಿಮ. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು. ಮಹಾಬಳೇಶ್ವರದಲ್ಲಿ ಚಿಂತೆಯಿಲ್ಲ, ಸ್ಪಿತಿ-ಲಡಾಖ್ ಕನಸಿದ್ದರೆ ಕಡಿಮೆ ಉಷ್ಣತೆಯಲ್ಲಿ ಚಾರ್ಜಿಂಗ್ ತಡೆಯುವ ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ಇರುವುದನ್ನೇ ಆರಿಸಿ. ನಮ್ಮ ಕಡೆ ಹೆಚ್ಚು ಕಾಡುವುದು ಸೆಕೆ: ಮುಚ್ಚಿದ ಗಾಡಿ ಮೇ ತಿಂಗಳಲ್ಲಿ ಒಲೆಯಂತೆ ಕಾಯುತ್ತದೆ. ಬ್ಯಾಟರಿ ನೆಲದ ಹತ್ತಿರ, ಎಂಜಿನ್ನಿನಿಂದ ದೂರ, ಗಾಳಿ ಬರುವ ಕಡೆ ಇರಲಿ, ಪಟ್ಟಿ ಬಿಗಿದು ಅಲ್ಲಾಡದಂತೆ ಕೂತಿರಲಿ.

ವೈರು, ಫ್ಯೂಸು, ಎಂಸಿಬಿ

ಟಾಪಿನಿಂದ ಕಂಟ್ರೋಲರ್‌ವರೆಗೆ ತವರ ಲೇಪಿತ ತಾಮ್ರದ, ಎರಡು ಪದರ ಹೊದಿಕೆಯ ಸೋಲಾರ್ ಡಿಸಿ ಕೇಬಲ್. ಮನೆ ವೈರಿಂಗಿನ ಸಾದಾ ವೈರು ಬಿಸಿಲಿಗೆ ಸೀಳುತ್ತದೆ, ಕಡಲ ಗಾಳಿಗೆ ತಾಮ್ರ ಕಪ್ಪಾಗುತ್ತದೆ. ಪ್ಯಾನೆಲ್ ಕೇಬಲ್ಲುಗಳನ್ನು ಸೇರಿಸುವ ಎಂಸಿ4 ಕನೆಕ್ಟರ್‌ಗಳನ್ನು ಅದರದೇ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಬೇಕು. ಇಕ್ಕಳದಲ್ಲಿ ಹಿಸುಕಿದ್ದು ಕೆಲ ತಿಂಗಳಿಗೆ ಸಡಿಲಗೊಂಡು ಕಾದು ಕರಗುತ್ತದೆ. ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದು ಕಂಪನಿಯದು ಬೇಡ. ಕೂತಂತೆ ಕಂಡರೂ ಒಳಗಿನ ಪಿನ್ ಸರಿಯಾಗಿ ಕೂರುವುದಿಲ್ಲ.

ಪ್ಯಾನೆಲ್ ಮತ್ತು ಕಂಟ್ರೋಲರ್ ನಡುವೆ ಎರಡು ಪೋಲಿನ (ಪ್ಲಸ್-ಮೈನಸ್ ಎರಡನ್ನೂ ಕಡಿಯುವ) ಡಿಸಿ ಎಂಸಿಬಿ ಹಾಕಿ. ಮನೆಯ ಎಸಿ (ಪರ್ಯಾಯ ವಿದ್ಯುತ್ತಿನ) ಎಂಸಿಬಿ ಖಂಡಿತ ಬೇಡ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ಅಲ್ಲೇ ನಂದುತ್ತದೆ. ಡಿಸಿ ಎಂದೂ ಸೊನ್ನೆಗೆ ಬರುವುದಿಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ, ಎಂಸಿಬಿಯೇ ಹೊತ್ತಿಕೊಳ್ಳುತ್ತದೆ. ಡಿಸಿ ಎಂಸಿಬಿಗಳಲ್ಲೂ ಕೆಲವಕ್ಕೆ ಪ್ಲಸ್-ಮೈನಸ್ ದಿಕ್ಕು ಇರುತ್ತದೆ. ತಿರುಗುಮುರುಗಾದರೆ ಅದೇ ಗತಿ.

ಕಂಟ್ರೋಲರ್‌ನಿಂದ ಬ್ಯಾಟರಿಗೆ ಒಂದೂವರೆ ಮೀಟರ್ ಒಳಗಾದರೆ 10 ಸ್ಕ್ವೇರ್ ಎಂಎಂ ಸಾಕು, 16 ಹಾಕಿದರೆ ಇನ್ನೂ ಒಳ್ಳೆಯದು. ಇಲ್ಲಿ 40 ಆಂಪ್ ಫ್ಯೂಸ್. ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೇ ಇರಬೇಕು, ಏಕೆಂದರೆ ಫ್ಯೂಸಿಗಿಂತ ಹಿಂದಿನ ವೈರನ್ನು ಯಾರೂ ಕಾಯುವುದಿಲ್ಲ. 1,000 ವ್ಯಾಟ್ ಇನ್ವರ್ಟರ್‌ಗೆ 35 ಸ್ಕ್ವೇರ್ ಎಂಎಂ ಕೇಬಲ್, 125 ಆಂಪ್ ಫ್ಯೂಸ್. ಲಿಥಿಯಂ ಬ್ಯಾಟರಿ ಶಾರ್ಟ್ ಆದಾಗ ಸಾವಿರಾರು ಆಂಪ್ ಹರಿಯುತ್ತದೆ, ಅಗ್ಗದ ಫ್ಯೂಸ್ ಒಳಗೇ ಕಿಡಿ ಉರಿಯುತ್ತದೆ. ಮುಖ್ಯ ಫ್ಯೂಸ್ ಕ್ಲಾಸ್-ಟಿ ಮಾದರಿಯದ್ದಿರಲಿ.

ಕೂರಿಸುವುದು, ತೂತು ಕೊರೆಯುವುದು

ಗಂಟೆಗೆ 100 ಕಿಲೋಮೀಟರಿನಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 47 ಕೆಜಿ. 540ರ ಪ್ಯಾನೆಲ್ 2.58 ಚದರ ಮೀಟರ್. ಮುಂದಿನಿಂದ ನುಗ್ಗಿದ ಗಾಳಿ ಅದನ್ನು 120 ಕೆಜಿ ಬಲದಲ್ಲಿ ಮೇಲಕ್ಕೆತ್ತಬಹುದು. ಎದುರುಗಾಳಿ ಸೇರಿದರೆ ಇನ್ನೂ ಹೆಚ್ಚು, ಏಕೆಂದರೆ ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಈ ಬಲದ ಮೂರು ಪಟ್ಟನ್ನಾದರೂ ತಡೆಯುವಂತೆ ಕೂರಿಸಬೇಕು. ಬರೀ ಅಂಟಿನ ಮೇಲೆ ದೊಡ್ಡ ಪ್ಯಾನೆಲ್ ನಿಲ್ಲಿಸಬೇಡಿ.

ಟಾಪಿನ ಒಳಗಿನ ಅಡ್ಡಪಟ್ಟಿಗಳು ಎಲ್ಲಿವೆ ಎಂದು ಲೈನಿಂಗ್ ಬಿಚ್ಚಿ ನೋಡಿ ಅವುಗಳ ಮೇಲೇ ಅಲ್ಯೂಮಿನಿಯಂ ರೈಲು ಬರುವಂತೆ ಮಾಡಿ. ಉಕ್ಕಿನ ಟಾಪಿಗೆ ಎಂ8 ರಿವೆಟ್ ನಟ್ (ಹೊರಗಿನಿಂದಲೇ ತಗಡಿಗೆ ಕಚ್ಚಿಸುವ ನಟ್), ಸ್ಟೇನ್‌ಲೆಸ್ ಬೋಲ್ಟ್, ನೈಲಾಕ್ ನಟ್. ಫೈಬರ್ ಟಾಪ್ ಆದರೆ ರಿವೆಟ್ ನಟ್ ಹಿಡಿಯುವುದಿಲ್ಲ, ಒಳಗಿನಿಂದ 3 ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಕೊಟ್ಟು ಬಿಗಿಯಬೇಕು. ಅಲ್ಯೂಮಿನಿಯಂ ಮತ್ತು ಉಕ್ಕು ನೇರ ತಾಗಿದರೆ ಉಪ್ಪುಗಾಳಿಯಲ್ಲಿ ಕೊರೆತ ಶುರುವಾಗುತ್ತದೆ; ನಡುವೆ ರಬ್ಬರ್ ಪ್ಯಾಡ್ ಇರಲಿ. ಗೋವಾ, ಮುಂಬೈ, ಕೊಂಕಣದಲ್ಲೇ ಓಡುವ ಗಾಡಿಗೆ 304ರ ಬದಲು ಉಪ್ಪಿಗೆ ಹೆಚ್ಚು ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್ ತೆಗೆದುಕೊಳ್ಳಿ. ಪ್ಯಾನೆಲ್ ಅಡಿಯಲ್ಲಿ 40-50 ಮಿಲಿಮೀಟರ್ ತೆರಪು ಬೇಕು. ಅದು ಪ್ಯಾನೆಲ್ಲನ್ನು ತಂಪಾಗಿಡುತ್ತದೆ, ಪ್ಯಾನೆಲ್ ತನ್ನ ನೆರಳಿನಿಂದ ಗಾಡಿಯ ಒಳಗನ್ನೂ ತಂಪಾಗಿಡುತ್ತದೆ. ಮುಂದಿನ ಅಂಚಿಗೆ ಮಾತ್ರ ಓರೆ ತಗಡು ಕೊಟ್ಟು ಗಾಳಿಯನ್ನು ಮೇಲೆ ಹಾಯಿಸಿ.

ಕೇಬಲ್ ಒಳಗೆ ಬರುವ ತೂತು ಇಡೀ ಕೆಲಸದ ಅತ್ಯಂತ ನಾಜೂಕಿನ ಭಾಗ. ಜಾಗ ಗುರುತಿಸಿದ ಮೇಲೆ ಒಳಗೆ ವೈರು, ಎಸಿ ಡಕ್ಟ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಪಂಚ್ ಹೊಡೆದು 3 ಮಿಲಿಮೀಟರ್ ಬಿಟ್‌ನಿಂದ ಶುರುಮಾಡಿ ಸ್ಟೆಪ್ ಡ್ರಿಲ್‌ನಿಂದ ಅಗಲಿಸಿ. ಬಿದ್ದ ಉಕ್ಕಿನ ಚೂರುಗಳನ್ನು ಕೈಯಿಂದ ಸವರಬೇಡಿ, ವ್ಯಾಕ್ಯೂಮಿನಿಂದ ಪೂರ್ತಿ ಎಳೆಯಿರಿ. ಬಣ್ಣದ ಮೇಲೆ ಉಳಿದ ಒಂದೊಂದು ಚೂರೂ ಮೊದಲ ಮಳೆಗೆ ಕಂದು ಚುಕ್ಕಿಯಾಗಿ ತುಕ್ಕು ಬಿಡುತ್ತದೆ. ತೂತಿನ ಅಂಚು ಅರದಿಂದ ನಯ ಮಾಡಿ ಜಿಂಕ್ ಪ್ರೈಮರ್ ಬಳಿದು ಒಣಗಲು ಬಿಡಿ. ಆಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿ, ನೀರು ಬಿಡದೆ ಕೇಬಲ್ ಹಾಯಿಸುವ ಕೇಬಲ್ ಗ್ಲ್ಯಾಂಡ್ ಡಬ್ಬದ ಬಾಯಿ ಗಾಡಿಯ ಹಿಂದಕ್ಕೆ ಮುಖ ಮಾಡುವಂತೆ ಕೂರಿಸಿ. ಬಾತ್‌ರೂಮಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನ್ ಲೋಹವನ್ನು ತಿನ್ನುತ್ತದೆ, ಅದನ್ನು ಹತ್ತಿರ ತರಬೇಡಿ. ಕೇಬಲ್ ಗ್ಲ್ಯಾಂಡಿಗೆ ಹೋಗುವ ಮೊದಲು ಸ್ವಲ್ಪ ಕೆಳಗಿಳಿದು ಮೇಲೇರಲಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಪಿಯು ದಿನಕ್ಕೆ ಸುಮಾರು 3 ಮಿಲಿಮೀಟರ್ ಆಳ ಗಟ್ಟಿಯಾಗುತ್ತದೆ. ಎರಡು ದಿನ ಗಾಡಿಯನ್ನು ಹೊರಗೆ ಒಯ್ಯಬೇಡಿ.

ಜೋಡಿಸುವ ಕ್ರಮ

ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ. ಕಂಟ್ರೋಲರ್ ಮೊದಲು ಬ್ಯಾಟರಿಯನ್ನು ನೋಡಿ ತಾನು 12 ವೋಲ್ಟಿನದೋ 24ರದೋ ಎಂದು ತೀರ್ಮಾನಿಸುತ್ತದೆ. ಪ್ಯಾನೆಲ್ ಮೊದಲು ಬಂದರೆ ತಪ್ಪು ತೀರ್ಮಾನವಾಗಬಹುದು, ಕೆಲವು ಕೆಟ್ಟೂಹೋಗುತ್ತವೆ. ಪ್ಯಾನೆಲ್ ತಂತಿ ಕಂಟ್ರೋಲರ್‌ಗೆ ಹೋಗುವ ಮುನ್ನ ಮಲ್ಟಿಮೀಟರಿನಲ್ಲಿ ಪ್ಲಸ್-ಮೈನಸ್ ಮತ್ತು ವೋಲ್ಟೇಜ್ ನೋಡಿ: ನಮ್ಮ ಸೀರೀಸ್ ಜೋಡಿಗೆ 43-46 ಬರಬೇಕು. ಇಪ್ಪತ್ತೆರಡರ ಹತ್ತಿರ ಬಂದರೆ ಜೋಡಣೆ ಸೀರೀಸ್ ಆಗಿಲ್ಲ. ಅಳೆಯುವ ಹೊತ್ತು ಬಿಟ್ಟು ಪ್ಯಾನೆಲ್ ಮೇಲೆ ಕಂಬಳಿ ಮುಚ್ಚಿ ಕೆಲಸ ಮಾಡಿ. ಬಿಸಿಲಿನಲ್ಲಿ ಕರೆಂಟು ಹರಿಯುತ್ತಿರುವಾಗ ಎಂಸಿ4 ಎಳೆದು ಬಿಚ್ಚಬಾರದು, ಮೊದಲು ಎಂಸಿಬಿ ಆಫ್ ಮಾಡಬೇಕು.

ಕಾನೂನಿನ ಮಾತು ಚಿಕ್ಕದಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಕ್ಕೂ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ತಾಳೆ ತಪ್ಪುವಂಥ ಬದಲಾವಣೆಯನ್ನು ಗಾಡಿಗೆ ಮಾಡುವಂತಿಲ್ಲ. ಸರಕು ಅಥವಾ ಪ್ರಯಾಣಿಕ ಗಾಡಿಯನ್ನು ಕ್ಯಾರವಾನ್ ಮಾಡಿಸುವವರು ಮೋಟಾರ್ ಕ್ಯಾರವಾನ್‌ಗಳ ಮಾನದಂಡವಾದ ಎಐಎಸ್-124ರ ಬಗ್ಗೆ ಬಾಡಿ ಕಟ್ಟುವವರನ್ನು ಮೊದಲೇ ಕೇಳಿ, ಆರ್‌ಟಿಒದಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ವಿಮಾ ಕಂಪನಿಗೆ ಪ್ಯಾನೆಲ್ ವಿಷಯ ಬರಹದಲ್ಲಿ ತಿಳಿಸಿ. ಗಾಡಿಯ ಎತ್ತರ ಎಂಟು ಹತ್ತು ಸೆಂಟಿಮೀಟರ್ ಏರಿರುತ್ತದೆ; ಹೊಸ ಎತ್ತರವನ್ನು ಅಳೆದು ಸ್ಟೇರಿಂಗ್ ಎದುರಿಗೆ ಅಂಟಿಸಿ. ಪಾರ್ಕಿಂಗಿನ ಹೈಟ್ ಬಾರ್ ಮತ್ತು ರೈಲ್ವೆ ಸೇತುವೆಯಡಿ ಅದು ಬೇಕಾಗುತ್ತದೆ.

ಆಮೇಲೆ

ಮೊದಲ ನೂರು ಕಿಲೋಮೀಟರ್ ಆದ ಮೇಲೆ ಒಮ್ಮೆ, ಸಾವಿರ ಆದ ಮೇಲೆ ಇನ್ನೊಮ್ಮೆ ಎಲ್ಲ ಬೋಲ್ಟ್ ನೋಡಿ. ಬಿಗಿದ ಬೋಲ್ಟಿಗೂ ರೈಲಿಗೂ ಸೇರಿಸಿ ಬಣ್ಣದ ಗೆರೆ ಎಳೆದಿಟ್ಟರೆ ಸಡಿಲಾದದ್ದು ಏಣಿಯ ಮೇಲಿಂದಲೇ ಕಾಣುತ್ತದೆ. ಗಾಜನ್ನು ಮುಂಜಾನೆ ತಣ್ಣಗಿರುವಾಗ ಬರೀ ನೀರು, ಮೆತ್ತನೆ ಬಟ್ಟೆಯಿಂದ ತೊಳೆಯಿರಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಸುರಿದರೆ ಸೀಳಬಹುದು. ಹಕ್ಕಿಯ ಹಿಕ್ಕೆಯನ್ನು ಅಂದಂದೇ ತೆಗೆಯಿರಿ. ಅದು ಮುಚ್ಚಿದ ಸೆಲ್ ಕರೆಂಟು ಕೊಡುವ ಬದಲು ತಾನೇ ಕಾಯುತ್ತದೆ.

ಚಾರ್ಜಿಂಗ್ ಕಡಿಮೆಯಾಯಿತು ಅನ್ನಿಸಿದಾಗ ಮೊದಲೇ ಪ್ಯಾನೆಲ್ಲನ್ನು ದೂರಬೇಡಿ. ಬ್ಯಾಟರಿ ತುಂಬಿದ್ದರೂ ಕಂಟ್ರೋಲರ್ ಕಡಿಮೆ ತೋರಿಸುತ್ತದೆ, ಅದು ಸಹಜ. ಆದ್ದರಿಂದ ಬ್ಯಾಟರಿ ಅರ್ಧ ಖಾಲಿ ಇರುವ ದಿನ ಮಧ್ಯಾಹ್ನ ಹನ್ನೆರಡೂವರೆಗೆ ನೋಡಿ. 400 ವ್ಯಾಟಿಗೆ 270-300 ಬಂದರೆ ಎಲ್ಲ ಸರಿಯಾಗಿದೆ. ಅರ್ಧಕ್ಕೆ ಇಳಿದಿದ್ದರೆ ನೆರಳು, ಆಮೇಲೆ ಎಂಸಿ4, ಆಮೇಲೆ ಎಂಸಿಬಿಯ ಟರ್ಮಿನಲ್ ಸ್ಕ್ರೂ. ಎಂಸಿ4 ಒಂದೊಂದನ್ನೂ ಮುಟ್ಟಿ ನೋಡಿ, ಉಳಿದವಕ್ಕಿಂತ ಬಿಸಿಯಿರುವುದೇ ಕೆಟ್ಟದ್ದು. ಪ್ಯಾನೆಲ್ ಸಂಶಯ ಬಂದರೆ ಮಾತ್ರ ಒಂದೊಂದನ್ನೇ ಬಿಚ್ಚಿ ವೋಲ್ಟೇಜ್ ಅಳೆಯಿರಿ.

ಮಳೆಗಾಲ ಪೂರ್ತಿ ಗಾಡಿ ನಿಂತೇ ಇರುವುದಾದರೆ ಬ್ಯಾಟರಿಯನ್ನು 50-60 ಶೇಕಡಕ್ಕೆ ಇಳಿಸಿ, ಪ್ಯಾನೆಲ್ ಎಂಸಿಬಿ ಆಫ್ ಮಾಡಿ, ಇನ್ವರ್ಟರ್ ಮತ್ತು ಫ್ರಿಜ್ಜಿನ ಫ್ಯೂಸ್ ತೆಗೆದಿಡಿ. ತಿಂಗಳಿಗೊಮ್ಮೆ ಬ್ಯಾಟರಿ ವೋಲ್ಟೇಜ್ ನೋಡಿ, 13ಕ್ಕಿಂತ ಕೆಳಗಿದ್ದರೆ ಎಂಸಿಬಿ ಆನ್ ಮಾಡಿ ಒಂದು ಹಗಲು ಬಿಟ್ಟು ಮತ್ತೆ ಆಫ್ ಮಾಡಿ. ಅದೇ ಹೊತ್ತಿಗೆ ಕೇಬಲ್ ಬಂದ ತೂತಿನ ಕೆಳಗಿನ ಲೈನಿಂಗನ್ನು ಅಂಗೈಯಿಂದ ಒತ್ತಿ ನೋಡಿ. ತೇವ ಹತ್ತಿದರೆ ಮಳೆ ಬಿಡುವು ಕೊಟ್ಟ ದಿನವೇ ಹಳೆಯ ಸೀಲಂಟನ್ನು ಪೂರ್ತಿ ಕೆರೆದು ಹೊಸದು ಹಾಕಿ, ಹಳೆಯದರ ಮೇಲೆ ಬಳಿದದ್ದು ಹಿಡಿಯುವುದಿಲ್ಲ.